ಈಗ ಯಾವ ಗೇಮ್ ಆಡ್ತಾ ಇದ್ದೀರಿ? ರಾತ್ರಿ ಒಂದೇ ಗಂಟೆ ಸಿಗುವವರು ಖಂಡಿತ ಹೇಳಿ

ಲೋಡಿಂಗ್_ಆಗ್ತಿದೆ

ಎಲ್ಲರಿಗೂ ನಮಸ್ಕಾರ. ಈಗ, ಅಂದರೆ ಈ ವಾರ, ನೀವು ನಿಜವಾಗಿ ಆಡುತ್ತಿರುವ ಗೇಮ್ ಯಾವುದು? "ಆಡಲೇಬೇಕಾದ ಹತ್ತು ಗೇಮ್" ಥರದ ಪಟ್ಟಿ ಬೇಡ, ಅದು ಎಲ್ಲಾ ಕಡೆ ಬಿದ್ದಿದೆ. ಯಾವುದನ್ನು ಬಿಡೋಕೆ ಆಗ್ತಿಲ್ಲ, ಯಾವುದು ತಲೆ ತಿನ್ನುತ್ತಿದೆ, ಯಾಕೆ, ಅಷ್ಟು ಹೇಳಿ ಸಾಕು.

ನನ್ನದು ಹೀಗೆ. ಮನೆ ರಾಜಾಜಿನಗರ, ಆಫೀಸು ವೈಟ್‌ಫೀಲ್ಡ್. ವಾಪಸ್ ಬಂದು, ಊಟ ಮುಗಿಸಿ, ಮಗಳು ಮಲಗುವ ಹೊತ್ತಿಗೆ ಹತ್ತೂವರೆ. ಆಮೇಲೆ ಒಂದು ಗಂಟೆ ಸಿಕ್ಕರೆ ಪುಣ್ಯ. ಆ ಗಂಟೆಯಲ್ಲಿ ಕ್ಲೇರ್ ಆಬ್‌ಸ್ಕ್ಯೂರ್ ಎಕ್ಸ್‌ಪೆಡಿಷನ್ 33 ಆಡುತ್ತಿದ್ದೇನೆ. 2025ರ ಏಪ್ರಿಲ್‌ನಲ್ಲಿ ಬಂದಿದ್ದು, ವರ್ಷದ ಕೊನೆಗೆ ದಿ ಗೇಮ್ ಅವಾರ್ಡ್ಸ್‌ನಲ್ಲಿ ದೊಡ್ಡ ಪ್ರಶಸ್ತಿಯನ್ನೇ ಹೊಡೆಯಿತಲ್ಲ, ಅದೇ. ಕಥೆ ಸಖತ್ತಾಗಿದೆ. ವರ್ಷಕ್ಕೊಮ್ಮೆ ಒಬ್ಬಳು ದೊಡ್ಡ ಕಲ್ಲಿನ ಮೇಲೆ ಒಂದು ಸಂಖ್ಯೆ ಬರೆಯುತ್ತಾಳೆ, ಆ ವಯಸ್ಸಿನವರೆಲ್ಲ ಗಾಳಿಯಲ್ಲಿ ಕರಗಿ ಹೋಗುತ್ತಾರೆ, ಮುಂದಿನ ವರ್ಷ ಸಂಖ್ಯೆ ಒಂದು ಕಮ್ಮಿ. ಶುರುವಿನ ಅರ್ಧ ಗಂಟೆಗೇ ಗಂಟಲು ಕಟ್ಟಿತು. ಫೈಟ್ ಕೂಡ ಚೆನ್ನಾಗಿದೆ. ಒಬ್ಬರಾದ ಮೇಲೆ ಒಬ್ಬರು ಹೊಡೆಯುವ ಹಳೇ ಶೈಲಿಯೇ, ಆದರೆ ವೈರಿಯ ಸರದಿಯಲ್ಲಿ ನಾವು ಸುಮ್ನೆ ಕೂರುವ ಹಾಗಿಲ್ಲ. ಸರಿಯಾದ ಕ್ಷಣಕ್ಕೆ ಬಟನ್ ಒತ್ತಿದರೆ ಏಟು ತಪ್ಪುತ್ತದೆ, ತಿರುಗಿ ಹೊಡೆಯಲೂಬಹುದು.

ತೊಂದರೆ ಒಂದೇ. ಒಳಗಿನ ಜಾಗಗಳಲ್ಲಿ ಮ್ಯಾಪ್ ಇಲ್ಲ. ನೇರ ಐದಾರು ಗಂಟೆ ಕೂರುವವರಿಗೆ ಅದೇ ಮಜಾ ಇರಬಹುದು. ನನಗೆ ಎರಡು ದಿನ ಬಿಟ್ಟು ಬಂದರೆ ಯಾವ ಕಡೆಯಿಂದ ಬಂದೆ, ಯಾವ ಕಡೆ ಹೋಗಬೇಕು ಅನ್ನುವುದೇ ಗೊತ್ತಾಗಲ್ಲ. ಇದ್ದ ಒಂದು ಗಂಟೆಯಲ್ಲಿ ಅರ್ಧ ದಾರಿ ಹುಡುಕುವುದರಲ್ಲೇ ಹೋಗುತ್ತದೆ. ನಿಮಗೆಲ್ಲ ಹೇಗೆ ಹೊಂದುತ್ತಿದೆ?

ಬೈಟು_ಕಾಫಿ

ಗುರುಗಳೇ, ನಿಮಗೆ ಗಂಟೆ ಇಲ್ಲ ಅಂತ ಯಾರು ಹೇಳಿದ್ದು? ಮೆಟ್ರೋದಲ್ಲಿ ಹೋಗುತ್ತೀರಾದರೆ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ವರೆಗೂ ಪರ್ಪಲ್ ಲೈನ್ ಇದೆಯಲ್ಲ. ಸೀಟ್ ಸಿಗದಿದ್ದರೂ ಒಂದು ಕೈ ಖಾಲಿ ಇರುತ್ತದೆ, ಬಲಾಟ್ರೋಗೆ ಅಷ್ಟೇ ಸಾಕು.

ನಾನು ಈಗ ಆಡುತ್ತಿರುವುದು ಅದೊಂದೇ. 2024ರಲ್ಲಿ ಬಂತು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಫೋನಿಗೂ ಬಂತು. ಕೆನಡಾದ ಒಬ್ಬನೇ ಮನುಷ್ಯ ಮಾಡಿದ್ದು, ಲೋಕಲ್‌ಥಂಕ್ ಅಂತ ಹೆಸರಿಟ್ಟುಕೊಂಡು ಮುಖ ತೋರಿಸದೇ ಇದ್ದಾನೆ. ನೋಡಲು ಪೋಕರ್ ಥರ ಇದ್ದರೂ ಎದುರಿಗೆ ಯಾರೂ ಇರುವುದಿಲ್ಲ. ಜೋಡಿ, ಫ್ಲಶ್, ಫುಲ್ ಹೌಸ್ ಕಟ್ಟಬೇಕು, ಅದಕ್ಕೆ ಚಿಪ್ಸ್ ಅಂತ ಒಂದು ಲೆಕ್ಕ, ಗುಣಿಸಲು ಇನ್ನೊಂದು ಲೆಕ್ಕ, ಎರಡೂ ಗುಣಿಸಿದರೆ ಅಂಕ. ಮಜಾ ಇರುವುದು ಜೋಕರ್‌ಗಳಲ್ಲಿ. ಒಟ್ಟು 150 ಥರ ಇವೆ, ಸಾಮಾನ್ಯವಾಗಿ ಒಮ್ಮೆಗೆ ಐದು ಮಾತ್ರ ಇಟ್ಟುಕೊಳ್ಳಬಹುದು. ಒಂದು ಜೋಕರ್ ಇನ್ನೊಂದಕ್ಕೆ ಕೂಡಿಕೊಂಡು, ಅದು ಮೂರನೆಯದಕ್ಕೆ ಕೂಡಿಕೊಂಡು, ಮುನ್ನೂರು ಅಂಕಕ್ಕೆ ಒದ್ದಾಡುತ್ತಿದ್ದವರು ಒಂದೇ ಕೈಯಲ್ಲಿ ಲಕ್ಷ ದಾಟುವ ಗಳಿಗೆ ಇದೆಯಲ್ಲ, ಅದಕ್ಕೋಸ್ಕರ ಇಂದಿರಾನಗರದಲ್ಲಿ ಇಳಿಯಬೇಕಾದವನು ಬೈಯಪ್ಪನಹಳ್ಳಿಯಲ್ಲಿ ಇಳಿದಿದ್ದೇನೆ. ಮಧ್ಯೆ ಫೋನ್ ಜೇಬಿಗೆ ಹಾಕಿದರೂ ಏನೂ ಕೆಡುವುದಿಲ್ಲ, ಅಲ್ಲೇ ಕಾಯುತ್ತಿರುತ್ತದೆ.

ಮನೆಯಲ್ಲಿ ಹಿರಿಯರಿದ್ದರೆ ಮಾತ್ರ ಎಚ್ಚರ. ನಮ್ಮತ್ತೆ ಸ್ಕ್ರೀನ್‌ನಲ್ಲಿ ಇಸ್ಪೀಟು ಎಲೆ ನೋಡಿ, ಅಳಿಯಂದಿರು ದುಡ್ಡು ಕಳೆಯುತ್ತಿದ್ದಾರೆ ಅಂತ ಊರಿಗೆಲ್ಲ ಫೋನ್ ಮಾಡಿದರು. ಪಣಕ್ಕಿಡಲು ಇದರಲ್ಲಿ ಒಂದು ರೂಪಾಯಿಗೂ ಜಾಗ ಇಲ್ಲ. 2025ರ ಆಗಸ್ಟ್‌ನಲ್ಲಿ ಕೇಂದ್ರ ಕಾನೂನು ಮಾಡಿ ನಿಲ್ಲಿಸಿದ್ದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಇದನ್ನಲ್ಲ ಅಂತ ಹೇಳಿದೆ. ಒಪ್ಪಲಿಲ್ಲ. ಅತ್ತೆಯನ್ನು ಬಿಡಿ, ಯುರೋಪಿನ ವಯಸ್ಸಿನ ರೇಟಿಂಗ್ ಕೊಡುವ ಪೆಗಿಯವರೇ ಇದನ್ನು ಜೂಜು ಕಲಿಸುತ್ತದೆ ಅಂತ 18ಕ್ಕೆ ಏರಿಸಿದ್ದರು. ಆಮೇಲೆ 2025ರಲ್ಲಿ 12ಕ್ಕೆ ಇಳಿಸಿದರು.

ಜಿರಳೆ_ಯೋಧ

ಸಿಲ್ಕ್‌ಸಾಂಗ್. ಬೇರೆ ಉತ್ತರವೇ ಇಲ್ಲ.

2019ರಲ್ಲಿ ಘೋಷಣೆ ಮಾಡಿ, ಆರು ವರ್ಷ ಕಾಯಿಸಿ, 2025ರ ಸೆಪ್ಟೆಂಬರ್ 4ಕ್ಕೆ ಬಿಟ್ಟರು. ನಮ್ಮ ಟೈಮಿಗೆ ಸಂಜೆ ಏಳೂವರೆ. ಜನ ಮುಗಿಬಿದ್ದ ರಭಸಕ್ಕೆ ಆನ್‌ಲೈನ್ ಅಂಗಡಿಗಳೇ ತಡವರಿಸಿದವು. ಇದನ್ನು ಮಾಡಿದ ಟೀಮ್ ಚೆರ್ರಿ ಅಂದರೆ ಆಸ್ಟ್ರೇಲಿಯಾದ ಅಡಿಲೇಡ್‌ನ ಬೆರಳೆಣಿಕೆಯ ಜನ. ಅವರು ಇಟ್ಟ ಬೆಲೆ ಅಮೆರಿಕದಲ್ಲಿ 20 ಡಾಲರ್. ಎಪ್ಪತ್ತು ಡಾಲರ್ ಇಟ್ಟು ಅರೆಬೆಂದ ಗೇಮ್ ಮಾರುವವರು ಸ್ವಲ್ಪ ನೋಡಿ ಕಲಿಯಲಿ.

ಕಷ್ಟ ಅಂತ ಎಲ್ಲರೂ ಅಳುತ್ತಾರೆ. ಹೌದು ಕಷ್ಟ. ಶುರುವಿನಲ್ಲಿ ಐದೇ ಜೀವ, ಎಷ್ಟೋ ವೈರಿಗಳು ಒಂದೇ ಏಟಿಗೆ ಎರಡು ಕೀಳುತ್ತಾರೆ. ಕೆಳಗೆ ಹೊಡೆದರೆ ನಾವು ಆಡಿಸುವ ಹಾರ್ನೆಟ್ ನೇರ ಹೋಗದೆ ಓರೆಯಾಗಿ ನುಗ್ಗುತ್ತಾಳೆ, ಇದರ ಹಿಂದಿನ ಗೇಮ್ ಹಾಲೋ ನೈಟ್ ಆಡಿದವರ ಕೈಗೆ ಅದು ಒಗ್ಗಲು ಟೈಮ್ ಬೇಕು. ಆದರೆ ರೇಷ್ಮೆ, ಅಂದರೆ ಅವಳ ಶಕ್ತಿ, ತುಂಬಿಸಿಕೊಂಡು ಗುಣ ಮಾಡಿಕೊಂಡರೆ ಒಂದೇ ಸಲ ಮೂರು ಜೀವ ವಾಪಸ್ ಬರುತ್ತದೆ, ಅದೂ ಗಾಳಿಯಲ್ಲಿ ಹಾರುತ್ತಲೇ. ಅಂದರೆ ಅವಳನ್ನು ಹಿಂದೆ ಸರಿಯಲು ಮಾಡಿಲ್ಲ, ಮೈಮೇಲೆ ಬೀಳಲು ಮಾಡಿದ್ದಾರೆ. ಇದು ತಲೆಗೆ ಹೋದ ದಿನ ಆಟವೇ ಬೇರೆ ಆಗುತ್ತದೆ. ಒಂದು ಗಂಟೆ ಬೇಕಾದಷ್ಟಾಯಿತು. ಒಂದು ಬಾಸ್, ಅಂದರೆ ದೊಡ್ಡ ವೈರಿಯ ಜೊತೆ ಒಂದು ಗಂಟೆ ಗುದ್ದಾಡಿ ಮಲಗಿ, ಬೆಳಿಗ್ಗೆ ಎದ್ದು ನೋಡಿದರೆ ಕೈ ತಾನಾಗೇ ಕಲಿತಿರುತ್ತದೆ.

ಕರೆಂಟ್_ಹೋಯ್ತು

ಜಿರಳೆಯವರೇ, ಮಕ್ಕಳಿಲ್ಲ ಅಲ್ವಾ ನಿಮಗೆ?

ನಾನೂ ಸಿಲ್ಕ್‌ಸಾಂಗ್ ಆಡಿದವಳೇ. ನನ್ನ ಜಗಳ ಬಾಸ್ ಜೊತೆ ಅಲ್ಲ, ಸತ್ತ ಮೇಲೆ ಮತ್ತೆ ಶುರುವಾಗುವ ಬೆಂಚಿನಿಂದ ಬಾಸ್‌ವರೆಗೆ ಮತ್ತೆ ಓಡುವ ದಾರಿಯ ಜೊತೆ. ಕೆಲವು ಬೆಂಚಿನಲ್ಲಿ ಕೂರಲೂ ಕಾಸು ಕೊಡಬೇಕು. ಗಂಟೆಯಲ್ಲಿ ಕಾಲು ಭಾಗ ಓಟಕ್ಕೇ ಹೋದರೆ ಅದನ್ನು ಕಷ್ಟ ಅನ್ನಲ್ಲ, ಸತಾಯಿಸುವುದು ಅನ್ನುತ್ತೇನೆ. ಬಂದ ಸ್ವಲ್ಪ ದಿನಕ್ಕೇ ಶುರುವಿನ ಒಂದೆರಡು ಬಾಸ್‌ಗಳನ್ನು ಅವರೇ ಸ್ವಲ್ಪ ಮೆತ್ತಗೆ ಮಾಡಲಿಲ್ಲವೇ?

ನಾನು ಈಗ ಹೇಡಿಸ್ 2ರಲ್ಲಿ ಇದ್ದೇನೆ. ಅದರ ಪೂರ್ತಿ ಆವೃತ್ತಿಯೂ ಅದೇ ಸೆಪ್ಟೆಂಬರ್‌ನಲ್ಲೇ ಬಂತು, ಆ ಗಲಾಟೆಯಲ್ಲಿ ಇದರ ಬಗ್ಗೆ ಮಾತೇ ಕಮ್ಮಿ ಆಯಿತು, ಪಾಪ. ಒಂದು ಸುತ್ತು ಅರ್ಧ ಮುಕ್ಕಾಲು ಗಂಟೆ. ಸತ್ತರೆ ಮನೆಗೆ ವಾಪಸ್, ಅಲ್ಲಿ ಎಲ್ಲರೂ ಹೊಸದಾಗಿ ಏನಾದರೂ ಮಾತಾಡುತ್ತಾರೆ, ಕಥೆ ಮುಂದೆ ಹೋಗುತ್ತದೆ. ಸೋತ ರಾತ್ರಿಯೂ ದಂಡ ಅಲ್ಲ. ತೀರಾ ಸಾಕಾದರೆ ಗಾಡ್ ಮೋಡ್ ಹಾಕಿಕೊಳ್ಳಿ, ಸತ್ತಾಗಲೆಲ್ಲ ಏಟು ತಡೆಯುವ ಶಕ್ತಿ ಸ್ವಲ್ಪ ಸ್ವಲ್ಪ ಏರುತ್ತದೆ. ಯಾರೂ ನಗಲ್ಲ. ನಕ್ಕರೆ ನಗಲಿ.

ಇನ್ನೊಂದು ಮಾತು. ಮಳೆ ಶುರುವಾದರೆ ನಮ್ಮ ಏರಿಯಾದಲ್ಲಿ ಕರೆಂಟ್ ಗ್ಯಾರಂಟಿ ಇಲ್ಲ, ಯುಪಿಎಸ್‌ಗೆ ವಯಸ್ಸಾಗಿದೆ. ಹಾಗಾಗಿ ಗೇಮ್ ಕೊಳ್ಳುವ ಮುಂಚೆ ನಾನು ನೋಡುವುದು ಗ್ರಾಫಿಕ್ಸ್ ಅಲ್ಲ, ಸೇವ್ ಹೇಗೆ ಆಗುತ್ತದೆ ಅಂತ. ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಕಂಪ್ಯೂಟರ್ ಮೇಲೆ ಹಾಸಿಗೆಗೆ ಹೋಗಿ ಮಲಗಿದರೆ ಮಾತ್ರ ಸೇವ್. ಆದರೆ ಅಲ್ಲಿನ ಒಂದು ದಿನ ಅಂದರೆ ನಮ್ಮ ಹದಿನಾಲ್ಕು ನಿಮಿಷದಷ್ಟು, ಹೋದರೂ ಅಷ್ಟೇ ಹೋಗುವುದು. ಎಲ್ಡನ್ ರಿಂಗ್ ಅದರ ಉಲ್ಟಾ. ಹೆಜ್ಜೆ ಹೆಜ್ಜೆಗೆ ತಾನೇ ಸೇವ್ ಮಾಡಿಕೊಳ್ಳುತ್ತದೆ, ಪಾಜ್, ಅಂದರೆ ಆಟವನ್ನು ಮಧ್ಯೆ ತಡೆದು ನಿಲ್ಲಿಸುವುದು ಮಾತ್ರ ಇಲ್ಲ, ಒಬ್ಬರೇ ಆಡುತ್ತಿದ್ದರೂ ಇಲ್ಲ. ಬಾಗಿಲು ತಟ್ಟಿದರೆ ಸತ್ತ ಹಾಗೆ.

ಎರಾಂಗೆಲ್_ಹುಡುಗ

ಅಣ್ಣಂದಿರೇ ಅಕ್ಕಂದಿರೇ, ಇಲ್ಲಿ ಯಾರೂ ಬಿಜಿಎಂಐ (ನಮ್ಮ ಇಂಡಿಯಾದ ಪಬ್‌ಜಿ) ಹೆಸರೇ ಎತ್ತಲಿಲ್ಲವಲ್ಲ? ನಮ್ಮ ಪಿಜಿಯಲ್ಲಿ ಮೂರು ಮಹಡಿಗೂ ಒಂದೇ ಗೇಮ್. ಪಿಎಸ್5 ನಾನು ನೋಡಿದ್ದೇ ಮಾಲ್‌ನಲ್ಲಿ.

ಪಬ್‌ಜಿ 2020ರ ಸೆಪ್ಟೆಂಬರ್‌ನಲ್ಲಿ ಬ್ಯಾನ್ ಆಯಿತು, 2021ರಲ್ಲಿ ಬಿಜಿಎಂಐ ಅಂತ ಬಂತು, 2022ರಲ್ಲಿ ಅದನ್ನೂ ತೆಗೆದರು, 2023ರಲ್ಲಿ ಮತ್ತೆ ಬಂತು. ನಾನು ಹೈಸ್ಕೂಲಿನಿಂದ ಇಂಜಿನಿಯರಿಂಗ್‌ವರೆಗೆ ಬರುವುದರಲ್ಲಿ ಇದು ಎರಡು ಸಲ ಸತ್ತು ಹುಟ್ಟಿದೆ. ನೂರು ಜನ ಇಳಿಯುವ ಮ್ಯಾಚು, ಕೊನೆಯವರೆಗೆ ಉಳಿದರೆ ಅರ್ಧ ಗಂಟೆ. ಇಲ್ಲಿ ಪಾಜ್ ಅನ್ನುವ ಮಾತೇ ಇಲ್ಲ. ಕೊನೆಯ ಸರ್ಕಲ್‌ನಲ್ಲಿ, ಅಂದರೆ ಮ್ಯಾಚಿನ ಕೊನೆ ಗಳಿಗೆಯಲ್ಲಿ ಇದ್ದಾಗಲೇ ಹಾಸನದಿಂದ ಅಮ್ಮನ ಫೋನ್ ಬರುತ್ತದೆ, ತೆಗೆಯದಿದ್ದರೆ ಅಪ್ಪನ ಫೋನ್ ಬರುತ್ತದೆ.

ನಿಜ ಹೇಳಬೇಕೆಂದರೆ ಗೇಮ್ ಈಗ ಅಷ್ಟೇನೂ ಚೆನ್ನಾಗಿಲ್ಲ. ಸಾಮಾನು ಹುಡುಕಲು ಹೋದರೆ ಎದುರಿಗೆ ಕೋಳಿ ವೇಷ ಹಾಕಿದವನು ಬರುತ್ತಾನೆ, ಬಂದೂಕಿಗೆ ಬಣ್ಣ ಹೊಡೆಯಲು ಜನ ಸಾವಿರಗಟ್ಟಲೆ ಸುರಿಯುತ್ತಾರೆ, ಲಾಬಿ ತುಂಬಾ ಬರೀ ಅಂಗಡಿ. ಆದರೂ ಆಡುತ್ತೇನೆ, ಯಾಕೆಂದರೆ ನಮ್ಮ ಸ್ಕ್ವಾಡ್‌ನ ಉಳಿದ ಮೂವರು ಹಾಸನದಲ್ಲೇ ಇದ್ದಾರೆ. ಹತ್ತು ಗಂಟೆಗೆ ಮೈಕ್ ಆನ್ ಮಾಡಿದರೆ ಮೊದಲ ಕಾಲು ಗಂಟೆ ಯಾರ ಮನೆಯಲ್ಲಿ ಏನು ಅಂತ ಮಾತು, ಆಮೇಲೆ ಗೇಮ್.

ನಿದ್ದೆಗೆಟ್ಟವಳು

ನಮ್ಮ ಮನೆಯಲ್ಲಿ ಸ್ಪ್ಲಿಟ್ ಫಿಕ್ಷನ್ ನಡೆಯುತ್ತಿದೆ. ನಾನು ಮತ್ತು ನಮ್ಮ ಯಜಮಾನರು. ಹಿಂದೆ ಇಟ್ ಟೇಕ್ಸ್ ಟೂ ಮಾಡಿದ ಹೇಜ್‌ಲೈಟ್‌ನವರದ್ದೇ, 2025ರ ಮಾರ್ಚ್‌ನಲ್ಲಿ ಬಂದಿದ್ದು. ಒಬ್ಬರೇ ಆಡಲು ಬರುವುದೇ ಇಲ್ಲ, ಇಬ್ಬರು ಬೇಕೇ ಬೇಕು, ಸ್ಕ್ರೀನ್ ಎರಡು ಭಾಗ. ಇಬ್ಬರು ಬರಹಗಾರ್ತಿಯರು ತಾವು ಬರೆದ ಕಥೆಗಳ ಒಳಗೇ ಸಿಕ್ಕಿಕೊಂಡಿರುತ್ತಾರೆ. ಒಬ್ಬಳದ್ದು ಮುಂದಿನ ಕಾಲದ ಯಂತ್ರಗಳ ಲೋಕ, ಇನ್ನೊಬ್ಬಳದ್ದು ಡ್ರ್ಯಾಗನ್ ಮಂತ್ರ ಮಾಯ. ಕಥೆ ಸುಮಾರು, ಮುಂದೆ ಏನಾಗುತ್ತದೆ ಅಂತ ಮೊದಲೇ ಹೊಳೆಯುತ್ತದೆ. ಆದರೆ ಪ್ರತಿ ಅರ್ಧ ಗಂಟೆಗೂ ಹೊಸ ಥರ ಆಟ ಕೊಡುತ್ತಾರೆ, ಬೇಜಾರಾಗಲು ಬಿಡಲ್ಲ. ನಮ್ಮ ಯಜಮಾನರಿಗೆ ಗೇಮ್ ಅಭ್ಯಾಸವಿಲ್ಲ, ಗೋಡೆ ಹತ್ತಲು ಹೇಳಿದರೆ ಗೋಡೆಗೆ ಹೊಡೆಯುತ್ತಾರೆ. ನಗುವುದರಲ್ಲೇ ಗಂಟೆ ಮುಗಿಯುತ್ತದೆ.

ಲೋಡಿಂಗ್ ಅವರೇ, ಮನೆಯವರನ್ನೂ ಕೂರಿಸಿಕೊಳ್ಳಿ. ಊರಲ್ಲಿರುವ ತಮ್ಮನ ಜೊತೆ ಆಡುವುದಾದರೂ ಒಬ್ಬರು ಕೊಂಡರೆ ಸಾಕು, ಇನ್ನೊಬ್ಬರಿಗೆ ಫ್ರೆಂಡ್ಸ್ ಪಾಸ್ ಪುಕ್ಕಟೆ.

ಹಳೇ_ಪೆಂಟಿಯಂ

ನೀವೆಲ್ಲ ಹೊಸದು ಹೇಳುತ್ತಿದ್ದೀರಿ. ನಾನು ಮತ್ತೆ ಜಿಟಿಎ ವೈಸ್ ಸಿಟಿ ಹಾಕಿದ್ದೇನೆ. 2002ರ ಗೇಮ್, ಈಗಿನ ಆಫೀಸ್ ಲ್ಯಾಪ್‌ಟಾಪ್ ಫ್ಯಾನ್ ಕೂಡ ತಿರುಗಿಸದೆ ಓಡಿಸುತ್ತದೆ. ಆಗ ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್‌ನಲ್ಲಿ ಸಿಡಿ ತಂದು ಆಡಿದ್ದು, ಈಗ ದುಡ್ಡು ಕೊಟ್ಟು ಕೊಂಡೆ, ಸಾಲ ತೀರಿತು ಅಂದುಕೊಳ್ಳಿ. ಆಟದ ವಿಷಯಕ್ಕೆ ಬಂದರೆ ಗನ್ ಹಿಡಿದು ಗುರಿ ಇಡುವುದು ಈಗ ನರಕ. ರೇಡಿಯೋ ಹಾಕಿಕೊಂಡು ಸಮುದ್ರದ ಪಕ್ಕ ಬೈಕ್ ಓಡಿಸುವುದು ಈಗಲೂ ಸ್ವರ್ಗ, ಸಿಗ್ನಲ್ ಹಾರಿಸಿದರೂ ಯಾರೂ ಕೇಳಲ್ಲ.

ಜಿಟಿಎ 6 ಬರುವವರೆಗೆ ಹೀಗೇ ಕಾಲ ತಳ್ಳಬೇಕು. 2025 ಅಂದರು, 2026ರ ಮೇ ಅಂದರು, ಆಮೇಲೆ ನವೆಂಬರ್ 19 ಅಂದರು. ಗೊತ್ತಿಲ್ಲದವರಿಗೆ ಒಂದು ಮಾತು, ಜಿಟಿಎ ಮಾಡುವ ರಾಕ್‌ಸ್ಟಾರ್‌ಗೆ ನಮ್ಮೂರಲ್ಲೇ ಸ್ಟುಡಿಯೋ ಇದೆ. 1997ರಿಂದ ಇಲ್ಲೇ ಇದ್ದ ಧ್ರುವ ಇಂಟರಾಕ್ಟಿವ್ ಅನ್ನುವ ಕಂಪನಿಯನ್ನು 2019ರಲ್ಲಿ ಕೊಂಡು ಅದಕ್ಕೆ ಸೇರಿಸಿಕೊಂಡರು. ನಮ್ಮ ಹುಡುಗರು ಅಷ್ಟು ವರ್ಷದಿಂದ ಹೊರಗಿನವರ ಗೇಮ್‌ಗಳಿಗೆ ಕಾರು, ಮರ, ಕಟ್ಟಡ ಮಾಡಿಕೊಟ್ಟಿದ್ದಾರೆ. ನಮ್ಮದೇ ಅನ್ನುವ ದೊಡ್ಡ ಗೇಮ್ ಮಾತ್ರ ಇಲ್ಲಿಂದ ಬರಲಿಲ್ಲ. ಪುಣೆಯವರು 2020ರಲ್ಲಿ "ರಾಜಿ" ಅನ್ನುವ ಗೇಮ್ ಮಾಡಿ ತೋರಿಸಿದರು. ಫೈಟ್ ಅಷ್ಟಕ್ಕಷ್ಟೇ, ನೋಡಲು ಚೆಂದ, ಐದಾರು ಗಂಟೆಯಲ್ಲಿ ಮುಗಿಯುತ್ತದೆ. ಒಂದು ಗಂಟೆಯವರಿಗೆ ಅದೂ ಒಂದು ವಾರದ ಮಾಲು.

ಲೋಡಿಂಗ್_ಆಗ್ತಿದೆ

ಎಲ್ಲರಿಗೂ ಥ್ಯಾಂಕ್ಸ್. ಎಕ್ಸ್‌ಪೆಡಿಷನ್ ಬಿಡಲ್ಲ, ಅದನ್ನು ಶನಿವಾರಕ್ಕೆ ತಳ್ಳುತ್ತೇನೆ, ಮಧ್ಯಾಹ್ನ ಮಗಳು ಅಜ್ಜಿ ಮನೆಗೆ ಹೋದಾಗ ಒಂದೇ ಉಸಿರಿಗೆ ಕೂರಬಹುದು. ಜಿರಳೆಯವರೇ, ಸಿಲ್ಕ್‌ಸಾಂಗ್ ಸದ್ಯ ಬೇಡ, ಆಫೀಸಿನಲ್ಲಿ ತಿನ್ನುವ ಏಟೇ ಸಾಕು. ಸ್ಪ್ಲಿಟ್ ಫಿಕ್ಷನ್ ವಿಷಯ ಹೆಂಡತಿಗೆ ಹೇಳಿದೆ, "ನನಗೆ ಡ್ರ್ಯಾಗನ್ ಇರುವವಳು ಬೇಕು" ಅಂತ ಆಗಲೇ ಬುಕ್ ಮಾಡಿದಳು. ಬೈಟು ಅವರೇ, ಬಲಾಟ್ರೋ ಆಂಡ್ರಾಯ್ಡ್‌ನಲ್ಲಿ ಇದೆಯಾ? ಮಧ್ಯೆ ಮಧ್ಯೆ ಜಾಹೀರಾತು, ನೂರೆಂಟು ಖರೀದಿ ಇದೆಯಾ?

ಬೈಟು_ಕಾಫಿ

ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಇದೆ. ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ಜಾಹೀರಾತು ಇಲ್ಲ, ಒಳಗೆ ಮತ್ತೇನೂ ಕೊಳ್ಳಬೇಕಿಲ್ಲ. ನೆಟ್ ಕೂಡ ಬೇಡ, ಮೆಜೆಸ್ಟಿಕ್ ಸುರಂಗದಲ್ಲಿ ಸಿಗ್ನಲ್ ಹೋದರೂ ಆಡಬಹುದು. ಶುರುವಿಗೆ ಫ್ಲಶ್ ಹಿಂದೆ ಬೀಳಿ, ಹೊಸಬರಿಗೆ ಅದೇ ಸುಲಭ.