ಅಪ್‌ಡೇಟ್: ಮೊಡವೆಗೆ ಪ್ರೋಬಯಾಟಿಕ್ ಬಗ್ಗೆ ಕೇಳಿದ್ದೆನಲ್ಲ

ಆಂಟಿಬಯಾಟಿಕ್ ನಿಲ್ಲಿಸಿದ ಕೂಡಲೇ ಮೊಡವೆ ವಾಪಸ್ ಬರುತ್ತಿದೆ, ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ) ಮಾತ್ರೆ ತಗೊಂಡು ಹೊಟ್ಟೆಯ ಬ್ಯಾಕ್ಟೀರಿಯಾ ಸರಿಮಾಡಿದರೆ ಹೋಗುತ್ತಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮೈಸೂರಿನಲ್ಲೇ ಒಬ್ಬರು ಚರ್ಮದ ಡಾಕ್ಟರಿಗೆ ತೋರಿಸಿದೆ. ಮೊಡವೆ ಜೊತೆ ತಳುಕು ಹಾಕಿಕೊಂಡಿರುವ ಬ್ಯಾಕ್ಟೀರಿಯಾ, ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್, ಎಲ್ಲರ ಚರ್ಮದಲ್ಲೂ ಇರುತ್ತದಂತೆ, ನುಣುಪು ಮುಖದವರಲ್ಲೂ. ಅದರಲ್ಲಿ ಹಲವು ತಳಿಗಳಿವೆ. ಕೆಲವು ತಳಿ ಮಾತ್ರ ಮೇಲುಗೈ ಸಾಧಿಸಿದಾಗ ಉರಿಯೂತ ಜಾಸ್ತಿ. ಹಾಗಾಗಿ ಎಲ್ಲವನ್ನೂ ಕೊಲ್ಲುವುದು ಗುರಿಯೇ ಅಲ್ಲ. ಆಂಟಿಬಯಾಟಿಕ್ ಒಂದನ್ನೇ ತುಂಬಾ ದಿನ ಬಳಸಿದರೆ ಬ್ಯಾಕ್ಟೀರಿಯಾ ಆಮೇಲೆ ಅದಕ್ಕೆ ಬಗ್ಗುವುದಿಲ್ಲ. ಬೆನ್ಝಾಯಿಲ್ ಪೆರಾಕ್ಸೈಡಿಗೆ (ಬ್ಯಾಕ್ಟೀರಿಯಾ ಕೊಲ್ಲುವ, ಮುಖಕ್ಕೆ ಹಚ್ಚುವ ಔಷಧ) ಆ ತೊಂದರೆ ಇಲ್ಲ. ಬೆಳಿಗ್ಗೆ ಅದು 2.5%, ರಾತ್ರಿ ಅಡಾಪಲೀನ್ 0.1% (ಚರ್ಮದ ರಂಧ್ರ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವ, ಹಚ್ಚುವ ಔಷಧ). (ಬಣ್ಣದ ಟವೆಲ್ ದೂರ ಇಡಿ, ಪೆರಾಕ್ಸೈಡ್ ತಾಗಿದರೆ ಬಿಳಿಚಿಕೊಳ್ಳುತ್ತದೆ. ಅಮ್ಮನ ಬೈಗುಳ ತಿಂದಾಯ್ತು.)

ಸೋಪಿನ ವಿಷಯ ನನಗೆ ಹೊಸದು. ಚರ್ಮದ ಪಿಎಚ್ (ಆಮ್ಲ–ಕ್ಷಾರದ ಅಳತೆ; 7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಹೆಚ್ಚಿದ್ದರೆ ಕ್ಷಾರ) ಸುಮಾರು 5, ಮಾಮೂಲಿ ಸೋಪಿನದು 9–10. ದಿನಕ್ಕೆ ನಾಲ್ಕು ಸಲ ಉಜ್ಜಿದರೆ ಚರ್ಮದ ಮೇಲ್ಪದರವೇ ಹಾಳು. ಈಗ ಸೌಮ್ಯವಾದ ಫೇಸ್‌ವಾಶ್, ದಿನಕ್ಕೆರಡೇ ಸಲ.

ಹೊಟ್ಟೆ? ಪ್ರೋಬಯಾಟಿಕ್ ಮಾತ್ರೆಗೆ ಪುರಾವೆ ಇನ್ನೂ ಚಿಕ್ಕ ಅಧ್ಯಯನಗಳಷ್ಟೇ, ದುಡ್ಡು ಸುರಿಯಬೇಡ ಅಂದರು. ಸಕ್ಕರೆ, ಮೈದಾ ಕಡಿಮೆ ಮಾಡಿ, ಜಿಮ್ಮಿಗಾಗಿ ಕುಡಿಯುತ್ತಿದ್ದ ವೇ ಪ್ರೋಟೀನ್ (ಹಾಲಿನಿಂದ ಮಾಡುವ ಪುಡಿ) ಬಿಡಿಸಿದರು. ಸೊಪ್ಪು, ಕಾಳು, ಬಸ್ಸಾರು ಹೇಗೂ ಮನೆಯಲ್ಲಿ ಇದ್ದದ್ದೇ. ಮೈಸೂರ್ ಪಾಕ್ ಪೂರ್ತಿ ಬಿಟ್ಟಿಲ್ಲ, ಸುಳ್ಳು ಯಾಕೆ ಹೇಳಲಿ.

ಮೊದಮೊದಲು ಚರ್ಮ ಸುಲಿದು ಕೆಂಪಾಯಿತು. ಔಷಧ ಕೆಲಸ ಮಾಡಲು 8–12 ವಾರ ಬೇಕು, ಸುಮ್ನೆ ಮಧ್ಯೆ ಬಿಡಬೇಡಿ. ಈಗ ಗದ್ದದ ಮೇಲೆ ಹೊಸದು ಅಪರೂಪ. ಕಲೆಗಳು ಇನ್ನೂ ಇವೆ.