ಮೋಹಕ ಬಲೆಯ ಕ್ಯಾಮೆರಾ: ಪತಂಗದ ಲೆಕ್ಕ ಏರುತ್ತಿದೆ, ಸುಳಿಯಲ್ಲಿ ಹುಳುವೇ ಇಲ್ಲ

ಸುಳಿಗಾವಲು:
ನಮಸ್ಕಾರ. ರಾಣೆಬೆನ್ನೂರು ಕಡೆ ನಮ್ಮ ಮೆಕ್ಕೆಜೋಳದ ಹೊಲದಲ್ಲಿ ಫಾಲ್ ಸೈನಿಕ ಹುಳುವಿನ ಮೋಹಕ ಬಲೆಗೆ (ಹೆಣ್ಣು ಪತಂಗದ ವಾಸನೆಯ ಗುಳಿಗೆ, ಅಂದರೆ ಲ್ಯೂರ್, ಇಟ್ಟು ಗಂಡು ಪತಂಗ ಹಿಡಿಯುವ ಬಲೆ) ಕ್ಯಾಮೆರಾ ಕೂರಿಸಿದ್ದೇನೆ. ತ್ರಿಕೋನಾಕಾರದ ಡೆಲ್ಟಾ ಬಲೆ, ತಳದಲ್ಲಿ 20 ಸೆಂ.ಮೀ. ಅಗಲದ ಅಂಟು ಹಾಳೆ, ಮೇಲೆ ಇಎಸ್‌ಪಿ32-ಕ್ಯಾಮ್ ಅನ್ನುವ ಕ್ಯಾಮೆರಾ ಬೋರ್ಡು, 18650 ಬ್ಯಾಟರಿ, ಪುಟ್ಟ ಸೋಲಾರ್ ಪ್ಲೇಟ್. ರಾತ್ರಿಯಿಡೀ ಗಂಟೆಗೊಂದು ಫೋಟೋ ತೆಗೆದು ಮೆಮೊರಿ ಕಾರ್ಡಿಗೆ ಹಾಕುತ್ತದೆ. ನೆಟ್‌ನಲ್ಲಿ ಸಿಕ್ಕ ಫೋಟೋಗಳಿಂದ ಕಲಿಸಿದ ಕಂಪ್ಯೂಟರ್ ಮಾಡೆಲ್ ಪತಂಗ ಎಣಿಸುತ್ತದೆ.

ತೊಂದರೆ ಏನಂದ್ರೆ, ಲೆಕ್ಕ ದಿನೇ ದಿನೇ ಏರುತ್ತಿದೆ. ಆದರೆ ಬೆಳೆ ಚೆನ್ನಾಗಿದೆ, ಸುಳಿ ಬಿಡಿಸಿ ನೋಡಿದರೆ ಹುಳು ಕಾಣುತ್ತಿಲ್ಲ. ಅಕ್ಕಪಕ್ಕದವರು "ನಿನ್ನ ಮಷೀನ್ ಏನು ಹೇಳುತ್ತೆ, ಔಷಧಿ ಹೊಡೆಯೋಣ್ವಾ" ಅಂತ ಕೇಳುತ್ತಿದ್ದಾರೆ. ಅವರ ದುಡ್ಡಿನ ಪ್ರಶ್ನೆ ಇದು. ಸುಮ್ನೆ ಏನೋ ಒಂದು ಹೇಳೋಕಾಗಲ್ಲ. ಎಲ್ಲಿಂದ ಹುಡುಕಲಿ? ಒಂದು ಫೋಟೋ ಹಾಕಿದ್ದೇನೆ.

ಬೆಸುಗೆಕಡ್ಡಿ:
ಫೋಟೋ ನೋಡಿದೆ. ಹಾಳೆಯ ತುಂಬಾ ಸಣ್ಣ ಸಣ್ಣ ಹುಳಹುಪ್ಪಟೆ ಇವೆ. ಅವಕ್ಕೂ ಲ್ಯೂರ್‌ಗೂ ಸಂಬಂಧ ಇರಲಿಕ್ಕಿಲ್ಲ, ಬೆಳಕಿಗೆ ಬಂದವು ಅನ್ನಿಸುತ್ತದೆ. ಈ ಬೋರ್ಡಿನಲ್ಲಿ ಬಿಳಿ ಫ್ಲಾಶ್ ಎಲ್‌ಇಡಿ ಇರುವುದು ಪಿನ್ 4ರಲ್ಲಿ. ಮೆಮೊರಿ ಕಾರ್ಡಿನ ಒಂದು ಡೇಟಾ ತಂತಿಯೂ ಅದೇ ಪಿನ್. ಹಾಗಾಗಿ ನೀವು ಫ್ಲಾಶ್ ಆಫ್ ಮಾಡಿದ್ದರೂ ಕಾರ್ಡಿಗೆ ಬರೆಯುವಾಗೆಲ್ಲ ಅದು ಮಿನುಗುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಸ್ಲೀಪ್‌ಗೆ (ಕರೆಂಟು ಉಳಿಸುವ ನಿದ್ದೆಗೆ) ಹೋದ ಮೇಲೂ ಮಂಕಾಗಿ ಉರಿಯುತ್ತಲೇ ಇರುತ್ತದೆ. ಮೋಹಕ ಬಲೆ ಹೋಗಿ ದೀಪದ ಬಲೆ ಆಯ್ತು, ಅಲ್ವಾ?

ಕಾರ್ಡನ್ನು ಒಂದೇ ಡೇಟಾ ತಂತಿ ಬಳಸುವ 1-ಬಿಟ್ ಮೋಡ್‌ನಲ್ಲಿ ತೆರೆಯಿರಿ, ಪಿನ್ 4 ಬಿಡುವಾಗುತ್ತದೆ. ಸ್ಲೀಪ್‌ಗೆ ಮುಂಚೆ ಅದನ್ನು ಲೋ (ಆಫ್) ಮಾಡಿ, ಹಾಗೇ ಉಳಿಯುವಂತೆ ಹೋಲ್ಡ್ ಹಾಕಿ, ಎದ್ದ ಮೇಲೆ ಹೋಲ್ಡ್ ಬಿಡಿಸಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಎಲ್‌ಇಡಿ ಮೇಲೆ ಕಪ್ಪು ಟೇಪ್ ಅಂಟಿಸಿ.

ಇನ್ನೊಂದು, ಫೋಟೋ 640 ಪಿಕ್ಸೆಲ್ ಅಗಲ ಇದೆ. 20 ಸೆಂ.ಮೀ. ಹಾಳೆಗೆ ಹಂಚಿದರೆ ಮಿಲಿಮೀಟರಿಗೆ ಬರೀ 3 ಪಿಕ್ಸೆಲ್. ಕ್ಯಾಮೆರಾ 1600ರವರೆಗೆ ಕೊಡುತ್ತದೆ, ಅದನ್ನೇ ಇಡಿ, 8 ಸಿಗುತ್ತದೆ. ಲೆನ್ಸ್ ದೂರಕ್ಕೆ ಫೋಕಸ್ ಆಗಿ ಬಂದಿರುತ್ತದೆ. ಉಂಗುರದ ಗೋಂದು ಮೆಲ್ಲಗೆ ಕೆರೆದು, ಹಾಳೆ ಸ್ಪಷ್ಟವಾಗುವವರೆಗೆ ತಿರುಗಿಸಿ.

ಕೀಟನೋಟ:
ಪಿಕ್ಸೆಲ್ ಮಾತು ಬಹಳ ಮುಖ್ಯ. ಯಾಕಂದ್ರೆ ನಮಗೆ ಬೇಕಾದ ಗುರುತುಗಳು ತೀರಾ ಸಣ್ಣವು. ಈ ಲ್ಯೂರ್‌ಗೆ ಬರುವುದು ಗಂಡು ಪತಂಗ. ಅದರ ಮುಂದಿನ ರೆಕ್ಕೆಯ ತುದಿಯಲ್ಲಿ ಒಂದು ಬಿಳಿ ಮಚ್ಚೆ, ನಡುವೆ ಓರೆಯಾಗಿ ಒಂದು ಹುಲ್ಲುಬಣ್ಣದ ಗೆರೆ. ಇವೆರಡೂ ಕಾಣದಿದ್ದರೆ ಯಾವ ಮಾಡೆಲ್ಲೂ ಹೇಳಲಾರದು, ನಾನೂ ಹೇಳಲಾರೆ.

ಇದೇ ಲ್ಯೂರ್‌ಗೆ ಬೇರೆ ಜಾತಿಯ ಪತಂಗಗಳೂ ಬೀಳುತ್ತವೆ. ಅಮೆರಿಕ, ಆಫ್ರಿಕಾ ಎರಡೂ ಕಡೆ ಇದು ದಾಖಲಾಗಿದೆ. ನಿಮ್ಮ ಹಾಳೆಯ ಎಡ ಮೂಲೆಯಲ್ಲಿರುವುದನ್ನೇ ನೋಡಿ. ಮಾಸಲು ಕಂದು ರೆಕ್ಕೆ, ನಡುವೆ ಒಂದೇ ಒಂದು ಬಿಳಿ ಚುಕ್ಕೆ, ತುದಿಯಿಂದ ಒಳಗೆ ಇಳಿದ ಕಪ್ಪು ಗೆರೆ. ಇದು ನಮ್ಮಲ್ಲಿ ಮೊದಲಿನಿಂದಲೂ ಇರುವ ಸೈನಿಕ ಹುಳುವಿನ ಪತಂಗದಂತೆ ಕಾಣುತ್ತದೆ. ನಿಮ್ಮ ಮಾಡೆಲ್ ಅದನ್ನೂ ಎಣಿಸಿದೆ.

ನೆಟ್‌ನ ಫೋಟೋಗಳ ತೊಂದರೆ ಇಲ್ಲೇ ಇದೆ. ಅವುಗಳಲ್ಲಿ ಬಹಳಷ್ಟು ರೆಕ್ಕೆ ಬಿಡಿಸಿ ಪಿನ್ ಚುಚ್ಚಿದ ಪತಂಗಗಳು. ಅಂಟು ಹಾಳೆಯಲ್ಲಿ ಬೀಳುವವು ರೆಕ್ಕೆ ಮಡಚಿ, ಮಗ್ಗುಲಾಗಿ, ಒದ್ದಾಡಿ ಪುಡಿ ಉದುರಿಸಿಕೊಂಡು ಇರುತ್ತವೆ. ನಿಮ್ಮದೇ ಹಾಳೆಯ ಫೋಟೋಗಳಿಂದ ಮತ್ತೆ ಕಲಿಸಿ. "ಬೇರೆ ಪತಂಗ", "ಹೇಳಲಾಗದು" ಅಂತ ಎರಡು ಗುಂಪು ಬೇರೆ ಇರಲಿ. ಹೇಳಲಾಗದ್ದನ್ನು ಹೇಳಲಾಗದು ಅನ್ನುವ ಮಾಡೆಲ್ ನನಗೆ ಹೆಚ್ಚು ನಂಬಿಕೆ. ರಾತ್ರಿ ಫೋಟೋ ಬೇಡವೇ ಬೇಡ. ಪತಂಗ ಅಂಟಿಕೊಂಡ ಮೇಲೆ ಎಲ್ಲಿಗೆ ಹೋಗುತ್ತೆ? ಬೆಳಿಗ್ಗೆ ಬಿಸಿಲೇರುವ ಮುಂಚೆ ಒಂದು ಫೋಟೋ ಸಾಕು.

ಸುಳಿಗಾವಲು:
ಎಲ್‌ಇಡಿ ಮುಚ್ಚಿ, ಹೊಸ ಹಾಳೆ ಹಾಕಿ, ಫೋಟೋ ಬೆಳಿಗ್ಗೆಗೆ ಬದಲಾಯಿಸಿದೆ. ಸಣ್ಣ ಹುಳಗಳು ಹೆಚ್ಚುಕಡಿಮೆ ನಿಂತೇ ಹೋದವು! ಬಿಳಿ ಮಚ್ಚೆ ಈಗ ಕಣ್ಣಿಗೆ ಕಾಣುತ್ತಿದೆ. ಆದರೂ ನಿಜವಾದ ಗಂಡು ಪತಂಗಗಳು ಬರುತ್ತಿವೆ. ಹಾಗಾದರೆ ಹುಳು ಎಲ್ಲಿ ಸರ್?

ಕೀಟನೋಟ:
ಗಂಡು ಬಂತು ಅಂದರೆ ನಿಮ್ಮ ಹೊಲದಲ್ಲೇ ಮೊಟ್ಟೆ ಬಿತ್ತು ಅಂತಲ್ಲ. ಈ ಪತಂಗ ಒಂದೇ ರಾತ್ರಿಯಲ್ಲಿ ಬಹಳ ದೂರ ಹಾರಬಲ್ಲದು. ಮೊಟ್ಟೆ ಬಿದ್ದರೂ ಒಡೆಯಲು ಎರಡು ಮೂರು ದಿನ ಬೇಕು. ಆಗಲೂ ನಿಮಗೆ ಮೊದಲು ಕಾಣುವುದು ಹುಳುವಲ್ಲ, ಎಲೆ ಮೇಲೆ ಹಸಿರು ಕೆರೆದ, ಪೊರೆಯಂಥ ಕಿಟಕಿ ಗುರುತು. ಆಮೇಲೆ ಸುಳಿಯಲ್ಲಿ ಗರಗಸದ ಪುಡಿಯಂಥ ಹಿಕ್ಕೆ. ಹುಳು ಸಿಕ್ಕರೆ ತಲೆ ಮೇಲೆ ತಲೆಕೆಳಗಾದ ವೈ ಗುರುತು, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಇವೆಯಾ ನೋಡಿ. 2018ರಲ್ಲಿ ಈ ಪೀಡೆ ಭಾರತಕ್ಕೆ ಬಂದದ್ದು ಗೊತ್ತಾಗಿದ್ದು ನಮ್ಮ ಕರ್ನಾಟಕದ ಮೆಕ್ಕೆಜೋಳದಲ್ಲೇ, ಗಿಡದಲ್ಲಿ ಸಿಕ್ಕ ಹುಳುಗಳಿಂದಲೇ.

ಬಲೆಯಲ್ಲಿ ನಿಜವಾದ ಪತಂಗ ಕಂಡ ದಿನದಿಂದ ಹೊಲದೊಳಗೆ ಡಬ್ಲ್ಯು ಆಕಾರದಲ್ಲಿ ನಡೆಯಿರಿ. ಐದು ಕಡೆ ನಿಂತು, ಒಂದೊಂದು ಕಡೆ 20 ಗಿಡ ನೋಡಿ. ಎಳೆಯ ಬೆಳೆಯಲ್ಲಿ 100ಕ್ಕೆ 5 ಗಿಡ ಹಾನಿ ದಾಟಿದರೆ ಬೇವಿನ ಬೀಜದ ಕಷಾಯದಿಂದ ಶುರು ಮಾಡಬಹುದು. ಅದಕ್ಕೂ ಮೊದಲು ಔಷಧಿ ಬೇಡ, ಹುಳುವನ್ನು ತಿನ್ನುವ ಮಿತ್ರಕೀಟಗಳೇ ಮೊದಲು ಸಾಯುತ್ತವೆ. ಬಲೆಯ ಲೆಕ್ಕದ ಪಕ್ಕದಲ್ಲೇ ಈ ಗಿಡದ ಲೆಕ್ಕವನ್ನೂ ಬರೆದಿಡಿ. ಒಂದೆರಡು ಬೆಳೆ ಕಳೆದ ಮೇಲೆ ನಿಮ್ಮ ಬಲೆಯ ಯಾವ ಸಂಖ್ಯೆಗೆ ಗಾಬರಿಯಾಗಬೇಕು ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ.

ಬೆಸುಗೆಕಡ್ಡಿ:
ಹಾಗಾದರೆ ಪಕ್ಕದ ಹೊಲದವರಿಗೆ ಹೋಗುವ ಮೆಸೇಜನ್ನೂ ಬದಲಾಯಿಸಿ. "ಪತಂಗ ಬಂದಿದೆ, ಈ ವಾರ ಸುಳಿ ನೋಡಿ" ಅಂತಷ್ಟೇ ಇರಲಿ.

ಸುಳಿಗಾವಲು:
ಇವತ್ತೇ ಬದಲಾಯಿಸುತ್ತೇನೆ. ಲ್ಯೂರ್ ಎಷ್ಟು ದಿನಕ್ಕೆ ಬದಲಿಸಬೇಕು?

ಕೀಟನೋಟ:
ಸಾಮಾನ್ಯವಾಗಿ ಮೂರ್ನಾಲ್ಕು ವಾರ. ಪೊಟ್ಟಣದ ಮೇಲೆ ಬರೆದದ್ದನ್ನೇ ನಂಬಿ. ಹಳೆಯ ಲ್ಯೂರನ್ನು ಹೊಲದಲ್ಲಿ ಬಿಸಾಡಬೇಡಿ, ವಾಸನೆ ಉಳಿದಿರುತ್ತದೆ. ಬದಲಿಸಿದ ತಾರೀಖನ್ನು ಮಾತ್ರ ಲೆಕ್ಕದಲ್ಲಿ ತಪ್ಪದೆ ಹಾಕಿ. ಇಲ್ಲದಿದ್ದರೆ ಲ್ಯೂರ್ ಸೊರಗಿದ್ದಕ್ಕೆ ಲೆಕ್ಕ ಇಳಿದದ್ದೋ, ಪತಂಗವೇ ಕಡಿಮೆಯಾದದ್ದೋ ಗೊತ್ತಾಗುವುದಿಲ್ಲ.