ಕಿಟಕಿ ಗಾಜಿಗೆ ಪದೇ ಪದೇ ಕುಕ್ಕುವ ಮಡಿವಾಳ ಹಕ್ಕಿ: ಏನು ಮಾಡಲಿ?

ಕಿಟಕಿಪಕ್ಕ:

ನಮ್ಮ ಕೈತೋಟದಲ್ಲಿ ಒಂದು ಗಂಡು ಮಡಿವಾಳ ಹಕ್ಕಿ ಇದೆ. ಬೆಳಗ್ಗೆ ತಂತಿ ಮೇಲೆ ಕೂತು ಚೆನ್ನಾಗಿ ಹಾಡುತ್ತಿತ್ತು. ಈಚೆಗೆ ಅದಕ್ಕೆ ಏನೋ ಆಗಿದೆ. ಬೆಳಕು ಹರಿದ ಕೂಡಲೇ ಮಲಗುವ ಕೋಣೆ ಕಿಟಕಿಗೆ ಬರುತ್ತದೆ. ಬಾಲ ಮೇಲೆತ್ತಿ, ಎದೆ ಉಬ್ಬಿಸಿ ಗಾಜನ್ನೇ ದಿಟ್ಟಿಸುತ್ತದೆ. ಆಮೇಲೆ ಟಕ್ ಟಕ್ ಅಂತ ಕುಕ್ಕಿ, ರೆಕ್ಕೆ ಬಡಿಯುತ್ತಾ ಗಾಜಿನ ಮೇಲೇ ಜಾರಿ ಕೆಳಗೆ ಬರುತ್ತದೆ. ಸರಳಿನ ಮೇಲೆ ಕೂತು ಸುಧಾರಿಸಿಕೊಂಡು ಮತ್ತೆ ಶುರು. ಕಾರಿನ ಪಕ್ಕದ ಕನ್ನಡಿಗೂ ಹೀಗೇ ಮಾಡುತ್ತದೆ. ಅಲ್ಲಂತೂ ಕುಕ್ಕಿದ ಮೇಲೆ ಕನ್ನಡಿಯ ಹಿಂದೆ ಬಗ್ಗಿ ನೋಡುತ್ತದೆ!

ಒಳಗಿಂದ ಪರದೆ ಎಳೆದರೂ ಕಡಿಮೆ ಆಗಿಲ್ಲ. ಬಿಸಿಲೇರುವ ಹೊತ್ತಿಗೆ ಕೊಕ್ಕು ತೆರೆದು ಏದುಸಿರು ಬಿಡುತ್ತಾ ಕೂತಿರುತ್ತದೆ. ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ಹಸಿವಾ? ಕಾಯಿಲೆಯಾ? ತಾನೇ ಸುಮ್ಮನಾಗುತ್ತಾ, ನಾವೇ ಏನಾದರೂ ಮಾಡಬೇಕಾ?

ಹಿತ್ತಲಗಿಡ:

ಕಾಯಿಲೆ ಅಲ್ಲ, ಹಸಿವೂ ಅಲ್ಲ. ಅದಕ್ಕೆ ಗಾಜಿನಲ್ಲಿ ಇನ್ನೊಂದು ಗಂಡು ಕಾಣಿಸುತ್ತಿದೆ, ಅಷ್ಟೇ. ಗೂಡು ಕಟ್ಟುವ ಕಾಲದಲ್ಲಿ ಗಂಡು ಮಡಿವಾಳ ತನ್ನ ಜಾಗಕ್ಕೆ ಬೇರೆ ಗಂಡು ಕಾಲಿಟ್ಟರೆ ಸಹಿಸುವುದಿಲ್ಲ. ಸಾಮಾನ್ಯವಾಗಿ ಈ ಜಗಳ ಬೇಗ ಮುಗಿಯುತ್ತದೆ. ಒಂದು ಹಾಡಿ, ಎದೆ ಉಬ್ಬಿಸಿ, ಸ್ವಲ್ಪ ದೂರ ಅಟ್ಟಿಸಿಕೊಂಡು ಹೋಗುತ್ತದೆ. ಇನ್ನೊಂದು ಜಾಗ ಖಾಲಿ ಮಾಡುತ್ತದೆ. ಗಾಜಿನೊಳಗಿನ ಗಂಡು ಮಾತ್ರ ಹೋಗುವುದೇ ಇಲ್ಲ. ಇದು ಎದೆ ಉಬ್ಬಿಸಿದರೆ ಅದೂ ಉಬ್ಬಿಸುತ್ತದೆ, ಇದು ನುಗ್ಗಿದರೆ ಅದೂ ನುಗ್ಗುತ್ತದೆ. ಹಾಗಾಗಿ ಜಗಳ ಮುಗಿಯುವುದೇ ಇಲ್ಲ. ಕನ್ನಡಿ ಹಿಂದೆ ಬಗ್ಗಿ ನೋಡುವುದೂ ಆ ಗಂಡು ಎಲ್ಲಿ ಅಡಗಿತು ಅಂತ ಹುಡುಕಲಿಕ್ಕೇ.

ಇಷ್ಟು ರೋಷ ಬರಲು ಇಡೀ ಹಕ್ಕಿ ಕಾಣಬೇಕು ಅಂತಲೂ ಇಲ್ಲ. 1930ರ ದಶಕದಲ್ಲಿ ಇಂಗ್ಲೆಂಡಿನ ಡೇವಿಡ್ ಲ್ಯಾಕ್ ಎಂಬ ಪಕ್ಷಿತಜ್ಞರು ರಾಬಿನ್ ಹಕ್ಕಿಯ ಜಾಗದಲ್ಲಿ ಬರೀ ಕೆಂಪು ಎದೆಗರಿಗಳ ಒಂದು ಗೊಂಚಲು ಇಟ್ಟು ನೋಡಿದರು. ತಲೆ ಇಲ್ಲ, ಬಾಲ ಇಲ್ಲ. ಆದರೂ ರಾಬಿನ್ ಬಂದು ಅದನ್ನು ಬೆದರಿಸಿತು. ಎದೆ ಇನ್ನೂ ಕೆಂಪಾಗದ ಎಳೇ ರಾಬಿನ್‌ನ ಇಡೀ ಬೊಂಬೆ ಇಟ್ಟಾಗ ಅಷ್ಟೊಂದು ಸಿಟ್ಟು ಬರಲಿಲ್ಲ. ಒಂದು ಗುರುತು ಕಂಡರೆ ಸಾಕು, ಮೈ ತಾನಾಗಿ ಜಗಳಕ್ಕೆ ನಿಲ್ಲುತ್ತದೆ. ನಿಮ್ಮ ಗಾಜಿನಲ್ಲಿ ಕಾಣುವುದಂತೂ ಬಾಲದಿಂದ ಕೊಕ್ಕಿನವರೆಗೆ ಪೂರ್ತಿ ಗಂಡು.

ಪರದೆಯಿಂದ ಯಾಕೆ ಆಗಲಿಲ್ಲ ಅಂದರೆ, ಬಿಂಬ ಮೂಡುವುದು ಗಾಜಿನ ಮೈಮೇಲೆ. ಹೊರಗೆ ಬೆಳಕು ಜಾಸ್ತಿ ಇದ್ದು ಒಳಗೆ ಮಬ್ಬಾಗಿದ್ದಾಗ ಗಾಜು ಕನ್ನಡಿಯಾಗುತ್ತದೆ. ಕಡುಬಣ್ಣದ ಪರದೆ ಎಳೆದರೆ ಬಿಂಬ ಇನ್ನೂ ಚೆನ್ನಾಗಿ ಕಾಣುತ್ತದೆ. ಮುಚ್ಚುವುದಿದ್ದರೆ ಹೊರಗಿಂದಲೇ ಮುಚ್ಚಬೇಕು. ಹಳೇ ಪೇಪರ್ ಅಂಟಿಸಿ, ಇಲ್ಲವೇ ಸೋಪನ್ನು ಸ್ವಲ್ಪ ಒದ್ದೆ ಮಾಡಿ ಗಾಜಿಗೆ ದಪ್ಪಗೆ ತಿಕ್ಕಿ. ಇಡೀ ಕಿಟಕಿ ಬೇಕಾಗಿಲ್ಲ, ಸರಳಿನ ಮೇಲೆ ಕೂತಾಗ ಅದರ ಎದುರಿಗೆ ಬರುವ ಭಾಗ ಸಾಕು. ಕಾರು ನಿಲ್ಲಿಸಿದಾಗ ಕನ್ನಡಿಗೆ ಒಂದು ಬಟ್ಟೆಚೀಲ ಹಾಕಿಬಿಡಿ.

ಮರಿಗಳಾಗಿ ಅವಕ್ಕೆ ಹುಳ ತರುವ ಓಡಾಟ ಶುರುವಾದರೆ ಈ ಕುಕ್ಕಾಟ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಆದರೂ ಅಲ್ಲಿಯವರೆಗೆ ಕಾಯಬೇಡಿ. ಹಾಡಲಿಕ್ಕೆ, ಮೇಯಲಿಕ್ಕೆ, ಗೂಡು ಕಾಯಲಿಕ್ಕೆ ಬೇಕಾದ ಶಕ್ತಿ ಎಲ್ಲ ಇಲ್ಲಿ ಖರ್ಚಾಗುತ್ತಿದೆ.

ಎಲೆಮರೆ:

ಹಿತ್ತಲಗಿಡ ಹೇಳಿದ್ದು ಸರಿ. ಆದರೆ ಕಿಟಕಿಗೆ ಬರುವ ಹಕ್ಕಿಯೆಲ್ಲ ಜಗಳಕ್ಕೇ ಬರುತ್ತದೆ ಅಂತ ಅಂದುಕೊಳ್ಳಬೇಡಿ. ನಮ್ಮಲ್ಲಿ ಹೆಣ್ಣು ಸೂರಕ್ಕಿ ಕಿಟಕಿಯ ಮೇಲಿನ ಮೂಲೆಯಲ್ಲಿ ರೆಕ್ಕೆ ಬಡಿಯುತ್ತಾ ನಿಲ್ಲುತ್ತದೆ. ಹತ್ತಿರದಿಂದ ನೋಡಿದರೆ ಕೊಕ್ಕಿನಲ್ಲಿ ಜೇಡರಬಲೆಯ ಎಳೆ! ಸೂರಕ್ಕಿ ಗೂಡಿನ ನಾರು, ಒಣಎಲೆ ಎಲ್ಲ ಕೂಡಿಕೊಂಡಿರುವುದು ಆ ಎಳೆಯಿಂದಲೇ. ಜೇಡ, ಪತಂಗ ಹಿಡಿಯಲು ಬರುವ ಹಕ್ಕಿಗಳೂ ಇವೆ. ಎಲ್ಲಿ ಕುಕ್ಕುತ್ತದೆ ನೋಡಿ. ಮೂಲೆ, ಸಂದಿ ಆದರೆ ಬಲೆಗೋ ಹುಳಕ್ಕೋ ಬಂದಿರುತ್ತದೆ. ಗಾಜಿನ ನಡುವೆ, ತನ್ನ ಮುಖದ ಎದುರಿಗೇ ಆದರೆ ಜಗಳ. ಗೂಡಿನ ಕಾಲದಲ್ಲಿ ಆ ಒಂದು ಮೂಲೆಯ ಬಲೆಯನ್ನು ನಾನು ಗುಡಿಸುವುದಿಲ್ಲ.

ಕಿಟಕಿಪಕ್ಕ:

ಇಬ್ಬರಿಗೂ ಥ್ಯಾಂಕ್ಸ್. ಸೋಪು ತಿಕ್ಕಿದ ಕಿಟಕಿ ಬಿಟ್ಟು ಪಕ್ಕದ ಕಿಟಕಿಗೆ ಹೋಯಿತು. ಅದಕ್ಕೂ ತಿಕ್ಕಿದ ಮೇಲೆ ಈಗ ತಂತಿ ಮೇಲೆ ಹಾಡುತ್ತಿದೆ. ಇನ್ನೆರಡು ಕೇಳಬೇಕಿತ್ತು. ಕನ್ನಡಿಯಲ್ಲಿರುವುದು ತಾನೇ ಅಂತ ಯಾವ ಹಕ್ಕಿಗೂ ತಿಳಿಯುವುದಿಲ್ವಾ? ಮತ್ತೆ, ಹಿಂದಿನ ದೊಡ್ಡ ಗಾಜಿಗೆ ಆಗಾಗ ಹಕ್ಕಿಗಳು ಧಡ್ ಅಂತ ಬಂದು ಬಡಿಯುತ್ತವೆ. ಅದೂ ಇದೇ ಕಾರಣಕ್ಕಾ?

ಹಿತ್ತಲಗಿಡ:

ಮೊದಲನೆಯದಕ್ಕೆ ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ. ಕಾಗೆಯ ಬಳಗದ ಮ್ಯಾಗ್‌ಪೈ ಹಕ್ಕಿಗಳ ಮೇಲೆ ಜರ್ಮನಿಯಲ್ಲಿ ಒಂದು ಪ್ರಯೋಗ ನಡೆಯಿತು. ಕನ್ನಡಿ ಇಲ್ಲದೆ ತಮಗೇ ಕಾಣದ ಹಾಗೆ ಗಂಟಲ ಮೇಲೆ ಬಣ್ಣದ ಚುಕ್ಕೆ ಅಂಟಿಸಿದರು. ಕನ್ನಡಿ ನೋಡಿದ ಕೆಲವು ಹಕ್ಕಿಗಳು ಕನ್ನಡಿಯನ್ನು ಬಿಟ್ಟು ತಮ್ಮ ಗಂಟಲನ್ನೇ ಕಾಲಿನಿಂದ ಕೆರೆದುಕೊಂಡವು. ಕಪ್ಪು ಗರಿಯ ಮೇಲೆ ಕಪ್ಪು ಚುಕ್ಕೆ ಅಂಟಿಸಿದಾಗ ಹಾಗೆ ಮಾಡಲಿಲ್ಲ. ಇದು ಪ್ರಕಟವಾದದ್ದು 2008ರಲ್ಲಿ. ಬೇರೆಯವರು ಇದನ್ನೇ ಮತ್ತೆ ಮಾಡಿ 2020ರಲ್ಲಿ ಪ್ರಕಟಿಸಿದಾಗ ಅಂಥ ಫಲ ಸಿಗಲಿಲ್ಲ. ನಿಮ್ಮ ಮಡಿವಾಳ ತನ್ನನ್ನು ಗುರುತಿಸುವವರೆಗೆ ಕಾಯುವುದಕ್ಕಿಂತ ಸೋಪೇ ಮೇಲು.

ಎರಡನೆಯದು ಬೇರೆ, ಹೆಚ್ಚು ಗಂಭೀರ. ಅಲ್ಲಿ ಹಕ್ಕಿ ತನ್ನನ್ನು ನೋಡುತ್ತಿರುವುದಿಲ್ಲ. ಗಾಜಿನಲ್ಲಿ ಆಕಾಶ, ಮರ ಕಾಣುತ್ತದೆ. ದಾರಿ ಇದೆ ಅಂದುಕೊಂಡು ಪೂರ್ತಿ ವೇಗದಲ್ಲಿ ಬಂದು ಬಡಿಯುತ್ತದೆ. ಕುಕ್ಕುವ ಹಕ್ಕಿಗೆ ದೊಡ್ಡ ಪೆಟ್ಟಾಗುವುದು ಕಡಿಮೆ. ಹೀಗೆ ಬಡಿಯುವ ಹಕ್ಕಿಗಳು ಬಹಳ ಸಾಯುತ್ತವೆ. ಅಮೆರಿಕ ಒಂದರಲ್ಲೇ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಕಟ್ಟಡಗಳಿಗೆ ಬಡಿದು ಸಾಯುತ್ತವೆ ಅಂತ 2014ರ ಒಂದು ಅಂದಾಜು. ಆ ಲೆಕ್ಕ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಒಂದು ಗಿಡುಗದ ಸ್ಟಿಕ್ಕರ್ ಅಂಟಿಸಿದರೆ ಪ್ರಯೋಜನ ಇಲ್ಲ, ಅದರ ಪಕ್ಕದಿಂದ ನುಗ್ಗುತ್ತವೆ. ಗಾಜಿನ ಹೊರಮೈಗೆ ಉದ್ದಕ್ಕೂ ಅಗಲಕ್ಕೂ 5 ಸೆಂಟಿಮೀಟರ್‌ಗೆ ಒಂದರಂತೆ ಚುಕ್ಕೆಗಳಿರಬೇಕು, ಇಲ್ಲವೇ ಹೊರಗೆ ಬಲೆ ಕಟ್ಟಬೇಕು. ಕಾಳು, ನೀರು ಇಡುವ ತಟ್ಟೆಯನ್ನು ಗಾಜಿನಿಂದ 1 ಮೀಟರ್ ಒಳಗೇ ಇಡಿ. ಅಷ್ಟು ಹತ್ತಿರದಿಂದ ಹಾರಿದರೆ ವೇಗ ಹಿಡಿಯುವುದಿಲ್ಲ.

ಬಿದ್ದ ಹಕ್ಕಿ ಬದುಕಿದ್ದರೆ ಮೆಲ್ಲಗೆ ಎತ್ತಿ, ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ ಇಡಿ. ಬಾಯಿಗೆ ನೀರು ಬಿಡಬೇಡಿ, ಪದೇ ಪದೇ ತೆರೆದು ನೋಡಬೇಡಿ. ಬೆಕ್ಕು ಬಾರದ, ಸದ್ದಿಲ್ಲದ ಜಾಗ ಇರಲಿ. ಗಂಟೆ ಬಿಟ್ಟು ಡಬ್ಬವನ್ನು ಹೊರಗೆ ಒಯ್ದು ಮುಚ್ಚಳ ತೆಗೆಯಿರಿ. ಆಗಲೂ ಹಾರದಿದ್ದರೆ, ರೆಕ್ಕೆ ಜೋತಿದ್ದರೆ, ಕಾಡುಪ್ರಾಣಿಗಳನ್ನು ನೋಡುವ ಪಶುವೈದ್ಯರ ಹತ್ತಿರ ಕರೆದೊಯ್ಯಿರಿ. ಹಾರಿಹೋದರೆ ಆ ಗಾಜಿಗೆ ಅವತ್ತೇ ಚುಕ್ಕೆ ಅಂಟಿಸಿ.